ಬೇಲಿ ಕಿತ್ತ ಮೇಲೆ

ಮನೆಯವರು ಒಪ್ಪದ ಪ್ರೇಮಕಥೆಗಳಲ್ಲಿ ಪ್ರೇಮಿಗಳಿಗೆ ಒಂದು ಅನುಕೂಲವಿದೆ: ವೈರಿ ಯಾರೆಂದು ಗೊತ್ತಿರುತ್ತದೆ. ಅಪ್ಪನೋ ಊರೋ ಎದುರು ನಿಂತಿರುವಷ್ಟು ದಿನ ಅವರಿಬ್ಬರದೂ ಒಂದೇ ಪಕ್ಷ. ಜರ್ಮನ್ ನಿರ್ದೇಶಕ ರೈನರ್ ವೆರ್ನರ್ ಫಾಸ್‌ಬಿಂಡರ್ 1974ರ ‘ಆಲಿ: ಫಿಯರ್ ಈಟ್ಸ್ ದ ಸೋಲ್’ ಚಿತ್ರದಲ್ಲಿ ಆ ಅನುಕೂಲವನ್ನೇ ಕಸಿದುಕೊಳ್ಳುತ್ತಾರೆ. ಸಿನಿಮಾ ಮುಗಿಯಲು ಇನ್ನೂ ಬಹಳ ಹೊತ್ತಿರುವಾಗಲೇ ವಿರೋಧ ಕರಗಿಹೋಗುತ್ತದೆ. ಪ್ರೇಮಕ್ಕೆ ನಿಜವಾದ ಗಂಡಾಂತರ ಶುರುವಾಗುವುದೇ ಆಗ.

ಮ್ಯೂನಿಕ್ ನಗರದ ಎಮ್ಮಿ ಸುಮಾರು ಅರವತ್ತರ ವಿಧವೆ, ಕಸಗುಡಿಸಿ ನೆಲ ಒರೆಸುವ ಕೆಲಸದವಳು. ಮಳೆಯೆಂದು ಹೊಕ್ಕ ಬಾರಿನಲ್ಲಿ ಅವಳಿಗೆ ಸಿಗುವವನು ತೀರಾ ಕಿರಿಯನಾದ ಮೊರಾಕ್ಕೊದ ಮೆಕ್ಯಾನಿಕ್. ಅವನ ಉದ್ದನೆಯ ಹೆಸರು ಯಾರಿಗೂ ಬೇಡ, ಎಲ್ಲರ ಬಾಯಲ್ಲೂ ಬರೀ ಆಲಿ. ದುಡಿಯುವ ಕೈಗಳು ಸಾಲದೆ ಪಶ್ಚಿಮ ಜರ್ಮನಿ ಹೊರದೇಶಗಳಿಂದ ಕರೆಸಿಕೊಂಡವರಿಗೆ ‘ಅತಿಥಿ ಕಾರ್ಮಿಕರು’ ಎಂದೇ ಹೆಸರು. ಅತಿಥಿಯೆಂದರೆ ಒಂದು ದಿನ ಹೊರಡಬೇಕಾದವನು. ಮೊರಾಕ್ಕೊ ಜೊತೆಗಿನ ಒಪ್ಪಂದ 1963ರದು. 1973ರ ನವೆಂಬರ್‌ನಲ್ಲಿ ಸರ್ಕಾರ ಹೊಸ ನೇಮಕಾತಿಯನ್ನೇ ನಿಲ್ಲಿಸಿತು. ಚಿತ್ರದ ಮೂಲ ಜರ್ಮನ್ ಹೆಸರಿನಲ್ಲೇ ವ್ಯಾಕರಣ ಕೆಟ್ಟಿದೆ, ‘ಭಯ ಆತ್ಮ ತಿನ್ನು’ ಎಂದಂತೆ. ಅದು ಆಲಿಯ ಮುರುಕು ಭಾಷೆ.

ಇಬ್ಬರೂ ಮದುವೆಯಾದ ಸುದ್ದಿ ಕೇಳಿದ ಎಮ್ಮಿಯ ಮಗ ಅಮ್ಮನ ಟಿವಿಯನ್ನು ಒದ್ದು ಒಡೆಯುತ್ತಾನೆ. (ಫಾಸ್‌ಬಿಂಡರ್ ಮೆಚ್ಚಿದ್ದ ಡಗ್ಲಸ್ ಸರ್ಕ್ ಅವರ 1955ರ ಹಾಲಿವುಡ್ ಚಿತ್ರದಲ್ಲಿ, ತೋಟಗಾರನನ್ನು ಪ್ರೀತಿಸಿದ ವಿಧವೆಗೆ ಮಕ್ಕಳು ಸಮಾಧಾನಕ್ಕೆಂದು ಕೊಡುವುದು ಟಿವಿಯನ್ನೇ!) ಅಂಗಡಿಯವನು ಆಲಿಗೆ ಸಾಮಾನು ಕೊಡುವುದಿಲ್ಲ, ಜೊತೆ ಕೆಲಸದವರು ಎಮ್ಮಿಯಿಂದ ದೂರ ಕೂರುತ್ತಾರೆ. ದಂಪತಿ ಕೆಲ ದಿನ ಊರು ಬಿಟ್ಟು ಬರುವಷ್ಟರಲ್ಲಿ ಎಲ್ಲರೂ ಮೆತ್ತಗಾಗಿದ್ದಾರೆ. ಅಂಗಡಿಯವನಿಗೆ ಗಿರಾಕಿ ಬೇಕು, ನೆರೆಯವಳಿಗೆ ಸಾಮಾನಿಡಲು ಜಾಗ ಬೇಕು, ಮಗನಿಗೆ ಮಗು ನೋಡಿಕೊಳ್ಳುವವರು ಬೇಕು. ಇದು ಗಣಿತದ ಲೆಕ್ಕದಂತಿದೆ, ಮನುಷ್ಯರು ಇಷ್ಟು ಬೇಗ ಬದಲಾಗುತ್ತಾರೆಯೇ ಎಂದು ಕೇಳಬಹುದು. ಆದರೆ ಅವರು ಬದಲಾದರೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಬದಲಾದದ್ದು ಅವರ ಗರಜು ಮಾತ್ರ.

ಬದಲಾಗುವವಳು ಎಮ್ಮಿ. ಕುಸ್ಕುಸ್ ತಿನ್ನಬೇಕೆಂದ ಗಂಡನಿಗೆ ಇಲ್ಲಿಯ ಊಟಕ್ಕೆ ಒಗ್ಗಿಕೋ ಎನ್ನುತ್ತಾಳೆ. ಮನೆಗೆ ಬಂದ ಗೆಳತಿಯರಿಗೆ ಅವನ ತೋಳು ಮುಟ್ಟಿ ನೋಡಲು ಬಿಡುತ್ತಾಳೆ, ಸಂತೆಯಲ್ಲಿ ಎತ್ತಿನ ಮೈ ತಡವಿದ ಹಾಗೆ. ಕೆಲಸಕ್ಕೆ ಹೊಸದಾಗಿ ಸೇರಿದ ಯುಗೊಸ್ಲಾವಿಯಾದ ಹೆಂಗಸನ್ನು ಎಲ್ಲರೂ ದೂರವಿಟ್ಟಾಗ ಎಮ್ಮಿಯೂ ಆ ಗುಂಪಿನಲ್ಲಿದ್ದಾಳೆ. ನಿನ್ನೆ ತಾನು ಒಂಟಿಯಾಗಿ ಕೂತಿದ್ದ ಮೆಟ್ಟಿಲುಗಳಲ್ಲಿ ಇಂದು ಇನ್ನೊಬ್ಬಳು. ಇದು ಹಠಾತ್ತಾಗಿ ಬಂದದ್ದೇನಲ್ಲ. ಹಿಂದೆ ಎಲ್ಲರಂತೆ ತಾನೂ ನಾಜಿ ಪಕ್ಷದಲ್ಲಿದ್ದೆನೆಂದು ಅವಳೇ ಹೇಳಿದ್ದಾಳೆ. ಮದುವೆಯ ಊಟಕ್ಕೆ ಆರಿಸಿದ್ದು ಹಿಟ್ಲರ್ ಹೋಗುತ್ತಿದ್ದ ಹೋಟೆಲನ್ನು, ಅದೂ ಮುಗ್ಧ ಸಂಭ್ರಮದಿಂದ. ಒಳ್ಳೆಯವಳು ಎಂಬುದೂ ನಿಜ, ಇದೂ ನಿಜ.

ಆಲಿಗೆ ಊರಿಲ್ಲ, ನೆನಪಿಲ್ಲ, ಕ್ಯಾಮೆರಾ ಕೂಡ ಅವನ ಮೈಯನ್ನೇ ನೋಡುತ್ತದೆ ಎಂಬ ಆಕ್ಷೇಪ ಆ ಗಣಿತದ ಲೆಕ್ಕದ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಅವನ ಮನಸ್ಸಿನೊಳಗೆ ಚಿತ್ರ ಹೆಚ್ಚು ದೂರ ಹೋಗುವುದಿಲ್ಲ. ಆದರೂ ಆ ತೋಳು ಮುಟ್ಟುವ ದೃಶ್ಯದಲ್ಲಿ ಮುಜುಗರವಾಗುವುದು ನಮಗೆ. ಅಲ್ಲಿಯವರೆಗೆ ನಾವೂ ಹಾಗೇ ನೋಡಿದ್ದೆವು.

ಕುಸ್ಕುಸ್ ಹುಡುಕಿಕೊಂಡು ಬಾರಿನವಳ ಮನೆಗೆ ಹೋದ ಆಲಿ ಕೊನೆಗೆ ಎಮ್ಮಿಯೊಂದಿಗೇ ಮತ್ತೆ ಕುಣಿಯುತ್ತಾನೆ, ಕುಣಿಯುತ್ತಲೇ ಹೊಟ್ಟೆ ಹಿಡಿದು ಕುಸಿಯುತ್ತಾನೆ. ಜಠರದ ಹುಣ್ಣು. ಹೊರದೇಶದ ಕೆಲಸಗಾರರಿಗೆ ಇದು ಮಾಮೂಲಿ, ಆಪರೇಷನ್ ಮಾಡಿದರೂ ಆರು ತಿಂಗಳಿಗೆ ಮತ್ತೆ ಬರುತ್ತಾರೆ ಎನ್ನುತ್ತಾನೆ ಡಾಕ್ಟರು. ಹಾಗಾಗಲು ತಾನು ಬಿಡುವುದಿಲ್ಲವೆಂದು ಎಮ್ಮಿ ಹಾಸಿಗೆಯ ಪಕ್ಕ ಕೂತು ಅವನ ಕೈ ಹಿಡಿಯುತ್ತಾಳೆ.