ನಾಲ್ಕು ಗಾಲಿಗಳ ಹಿಡಿತ

ಹಳೆಯ ಜೀಪು ಮತ್ತು ಲ್ಯಾಂಡ್ ರೋವರುಗಳನ್ನು ಪ್ರೀತಿಸುವವರು ಹಲವು ದೇಶಗಳಲ್ಲಿದ್ದಾರೆ. ಅನುಕೂಲವುಳ್ಳವರು ವಾಹನವನ್ನೇ ಕೊಂಡು, ಬಿಚ್ಚಿ, ಜೋಡಿಸಿ, ಓಡಿಸಿ ನಲಿಯುತ್ತಾರೆ. ಉಳಿದವರು ಅದರ ಪುಟ್ಟ ಆಟಿಕೆಗಳನ್ನೂ ಹಳೆಯ ಛಾಯಾಚಿತ್ರಗಳನ್ನೂ ಸಂಗ್ರಹಿಸುತ್ತಾರೆ. ಆ ಚಿತ್ರಗಳಲ್ಲಿ ವಾಹನವು ಸಾಮಾನ್ಯವಾಗಿ ಕೆಸರಿನ ನಡುವೆಯೋ ಕಡಿದಾದ ಏರಿನ ಮೇಲೋ ಕಾಣಿಸುವುದು. ಬೇರೆ ಕಾರುಗಳು ಸೋಲುವ ಕಡೆ ಇದು ಹೇಗೆ ಹತ್ತಿತು? ಹತ್ತಿದ ವಾಹನವು ಅಷ್ಟೇ ಸುಲಭವಾಗಿ ಇಳಿದು ನಿಲ್ಲಬಲ್ಲುದೆ? ಮೊದಲನೆಯ ಪ್ರಶ್ನೆ ಕುತೂಹಲದ್ದು, ಎರಡನೆಯದು ಪ್ರಾಣರಕ್ಷಣೆಯದು.

ವಿಲ್ಲಿಸ್ ಜೀಪು ಎರಡನೆಯ ಮಹಾಯುದ್ಧದ ಶಿಶು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಸೇರಿ ಅಮೆರಿಕದಲ್ಲಿ ಇಂತಹ 6 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಉಳಿದ ಜೀಪೊಂದು ಬ್ರಿಟನ್ನಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ಅವರ ಜಮೀನಿನಲ್ಲಿ ದುಡಿಯುತ್ತಿತ್ತು. ಅದರಿಂದ ಸ್ಫೂರ್ತಿಗೊಂಡು ಅವರು ರೂಪಿಸಿದ ಲ್ಯಾಂಡ್ ರೋವರ್ 1948ರ ಏಪ್ರಿಲ್ 30ರಂದು ಆಂಸ್ಟರ್‌ಡ್ಯಾಂ ಪ್ರದರ್ಶನದಲ್ಲಿ ಜನರೆದುರಿಗೆ ಬಂದಿತು. ಆಗ ಉಕ್ಕಿಗೆ ಅಭಾವವಿದ್ದುದರಿಂದ ಅದರ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು. ಎರಡು ವಾಹನಗಳಲ್ಲಿಯೂ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 80 ಅಂಗುಲ. ಬದಿಯಿಂದ ತೆಗೆದ ಹಳೆಯ ಚಿತ್ರವೊಂದು ದೊರೆತರೆ ಈ 80 ಅಂಗುಲವೇ ಅಳತೆಗೋಲಾಗುವುದು; ಉಳಿದ ಭಾಗಗಳ ಅಳತೆಯನ್ನು ಪ್ರಮಾಣದಿಂದ ತಿಳಿಯಬಹುದು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಗಾಲಿಯು ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲವು ಗಾಲಿಯನ್ನು ಮುಂದಕ್ಕೆ ತಳ್ಳುವುದು. ಈ ತಳ್ಳುವಿಕೆ ಘರ್ಷಣೆಯ ಕೊಡುಗೆ. ಎಂಜಿನ್ ಎಷ್ಟೇ ಬಲಿಷ್ಠವಾಗಿರಲಿ, ಘರ್ಷಣೆಯ ಮಿತಿಯನ್ನು ದಾಟಲಾಗದು. ಆ ಮಿತಿಯು ಗಾಲಿಯ ಮೇಲೆ ಬಿದ್ದ ಭಾರ ಮತ್ತು ಘರ್ಷಣಾಂಕ ಇವೆರಡರ ಗುಣಲಬ್ಧ. ವಾಹನವೊಂದರ ತೂಕ 1200 ಕಿಲೋಗ್ರಾಂ, ಒದ್ದೆ ನೆಲದ ಘರ್ಷಣಾಂಕ 0.3 ಎಂದಿಟ್ಟುಕೊಳ್ಳಿ. ಭಾರವು ಎರಡು ಅಚ್ಚುಗಳ ಮೇಲೆ ಸಮನಾಗಿ ಬಿದ್ದಿರಲಿ. ಹಿಂದಿನ ಗಾಲಿಗಳಿಗೆ ಮಾತ್ರ ಎಂಜಿನ್ ಜೋಡಿಸಿದ್ದರೆ ದೊರೆಯುವ ಬಲ 600ರ 0.3 ಪಟ್ಟು, ಎಂದರೆ 180 ಕಿಲೋಗ್ರಾಂ ತೂಕದಷ್ಟು. ನಾಲ್ಕಕ್ಕೂ ಜೋಡಿಸಿದರೆ 360.

ದಾರಿಯಲ್ಲಿ 5 ಮೀಟರು ಸಾಗುವಷ್ಟರಲ್ಲಿ 1 ಮೀಟರು ಎತ್ತರಕ್ಕೆ ಒಯ್ಯುವ ಏರೊಂದು ಎದುರಾಯಿತೆನ್ನಿ. ಅದನ್ನು ಹತ್ತಲು 1200ರ ಐದನೆಯ ಒಂದು ಭಾಗ, ಎಂದರೆ 240 ಕಿಲೋಗ್ರಾಂ ತೂಕದ ಬಲ ಬೇಕು. ಏರಿನಲ್ಲಿ ಭಾರವು ತುಸು ಹಿಂದಕ್ಕೆ ಸರಿಯುವುದನ್ನು ಲೆಕ್ಕಕ್ಕೆ ಹಿಡಿದರೂ ಹಿಂಗಾಲಿಯ ಕಾರು ನಿಂತಲ್ಲೇ ಗಾಲಿ ತಿರುಗಿಸುವುದು, ಜೀಪು ಹತ್ತಿಹೋಗುವುದು. ಜೀಪು ಘರ್ಷಣೆಯನ್ನು ಹೆಚ್ಚಿಸಲಿಲ್ಲ, ಇದ್ದ ಘರ್ಷಣೆಯನ್ನೆಲ್ಲ ದುಡಿಸಿಕೊಂಡಿತು. ಗುಟ್ಟು ಇಷ್ಟೇ.

ಹಾಗಾದರೆ ಜೀಪಿನಲ್ಲಿ ಮುಂಗಾಲಿಗಳ ಚಾಲನೆಯನ್ನು ಬಿಡಿಸಲು ಒಂದು ಸನ್ನೆಯನ್ನೇಕೆ ಇಟ್ಟರು? ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಉದ್ದವಾದ ದಾರಿಯನ್ನು ಸವೆಸುವುವು. ಎರಡು ಅಚ್ಚುಗಳನ್ನೂ ಗೇರುಗಳು ಒಂದೇ ವೇಗಕ್ಕೆ ಕಟ್ಟಿಹಾಕಿದ್ದರೆ ಟೈರು ಜಾರಲೇಬೇಕು. ಕೆಸರಿನಲ್ಲಿ ಅದು ಸುಲಭವಾಗಿ ಜಾರುವುದು. ಒಣಗಿದ ಡಾಂಬರು ರಸ್ತೆಯಲ್ಲಿ ಜಾರದೆ ಗೇರುಗಳನ್ನೂ ಅಚ್ಚುಗಳನ್ನೂ ತಿರುಚಿ ಸವೆಯಿಸುವುದು. ಆದುದರಿಂದ ಒಳ್ಳೆಯ ರಸ್ತೆಯಲ್ಲಿ ಹಿಂದಿನ ಎರಡೇ ಗಾಲಿಗಳ ಚಾಲನೆ ಸಾಕು.

ಇನ್ನು ಎರಡನೆಯ ಪ್ರಶ್ನೆ. ಅದೇ ಏರನ್ನು ಈಗ ಇಳಿಯಬೇಕಾಗಿದೆ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೇ ಇರುವುದಷ್ಟೆ. ಆದ್ದರಿಂದ ಇಲ್ಲಿ ಜೀಪಿಗೆ ಯಾವ ಮೇಲುಗೈಯೂ ಇಲ್ಲ. ಅದಕ್ಕೂ ಇತರ ಕಾರುಗಳಿಗೂ ಮಿತಿ ಅದೇ 360. ಅದರಲ್ಲಿ 240 ಇಳಿಜಾರಿನ ಎಳೆತವನ್ನು ತಡೆಯುವುದಕ್ಕೇ ವೆಚ್ಚವಾಗುವುದು. ವೇಗವನ್ನು ಕುಗ್ಗಿಸಲು ಉಳಿಯುವುದು ಕೇವಲ 120. ಗಂಟೆಗೆ 36 ಕಿಲೋಮೀಟರು ವೇಗದಲ್ಲಿರುವ ವಾಹನವು ಸಮನೆಲದಲ್ಲಿ ಸುಮಾರು 17 ಮೀಟರಿನಲ್ಲಿ ನಿಲ್ಲಬಹುದಾದರೆ ಇಲ್ಲಿ 50 ಮೀಟರಿಗೂ ಹೆಚ್ಚು ದೂರ ಜಾರಿಹೋಗುವುದು. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯು ನಾಲ್ಕು ಗಾಲಿಗಳಿಗೂ ಹಂಚಿಹೋಗುವುದು ಜೀಪಿಗೆ ಅನುಕೂಲವೇ ಸರಿ. ಆದರೆ ಅದೂ 360ರ ಗಡಿಯನ್ನು ಮೀರದು. ನಾಲ್ಕು ಗಾಲಿಗಳ ಚಾಲನೆ ನಮ್ಮನ್ನು ಮೇಲಕ್ಕೆ ಒಯ್ಯುವುದೇ ಹೊರತು ಕೆಳಗೆ ಕಾಪಾಡುವ ಹೊಣೆಯನ್ನು ಹೊರುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಮಣ್ಣಿನ ದಾರಿ ಹಿಡಿಯುವ ತರುಣರು ಇದನ್ನು ನೆನಪಿನಲ್ಲಿಡತಕ್ಕದ್ದು.

ಆಟಿಕೆಯಿಂದ ಇದೆಲ್ಲವನ್ನು ತಿಳಿಯಬಹುದೆ? ಸಂಗ್ರಾಹಕರಿಗೆ ಪ್ರಿಯವಾದ ಒಂದು ಪ್ರಮಾಣವು ನಲವತ್ತಮೂರರಲ್ಲಿ ಒಂದು. ಎಲ್ಲ ಭಾಗಗಳೂ ಮೂಲದ ಲೋಹದಿಂದಲೇ, ಅದೇ ಪ್ರಮಾಣದಲ್ಲಿ ಕುಗ್ಗಿದರೆ ತೂಕವು 43ರ ಘನದಷ್ಟು, ಎಂದರೆ 79,507 ಪಟ್ಟು ಇಳಿಯುವುದು. 1200 ಕಿಲೋಗ್ರಾಮಿನ ವಾಹನವು 15 ಗ್ರಾಂ ಆಗುವುದು. ಟೈರು ನೆಲವನ್ನು ಮುಟ್ಟುವ ವಿಸ್ತೀರ್ಣವಾದರೋ 43ರ ವರ್ಗದಷ್ಟು ಮಾತ್ರ ಕುಗ್ಗುವುದು. ಹೀಗಾಗಿ ನೆಲದ ಮೇಲಿನ ಒತ್ತಡವು 43ರಲ್ಲಿ ಒಂದು ಭಾಗಕ್ಕಿಳಿಯುವುದು. ನಿಜವಾದ ಜೀಪು ಹೂತುಹೋಗುವ ಮರಳಿನ ಮೇಲೆ ಆಟಿಕೆಯು ಹಗುರವಾಗಿ ಸಾಗುವುದಕ್ಕೆ ಇದೇ ಕಾರಣ. ಅಂಗಡಿಯ ಆಟಿಕೆಗಳು ದಪ್ಪನೆಯ ಸತುವಿನ ಮಿಶ್ರಲೋಹದ ಎರಕವಾದುದರಿಂದ 15 ಗ್ರಾಮಿಗಿಂತ ಹೆಚ್ಚು ತೂಗುವುವು; ಆದರೂ ಮರಳಿನ ಮಟ್ಟಿಗೆ ಅವು ಗಜರಾಜನ ಪಕ್ಕದ ಇರುವೆಗಳೇ.

ಛಾಯಾಚಿತ್ರವೂ ಮೋಸ ಮಾಡಬಲ್ಲುದು. ಕ್ಯಾಮೆರಾವನ್ನು ಓರೆಯಾಗಿ ಹಿಡಿದರೆ ಸಮನೆಲವೂ ಗುಡ್ಡವಾಗುವುದು. ಚಿತ್ರದಲ್ಲಿ ನಿಂತ ನೀರಿನ ಅಂಚಾಗಲಿ ಮನೆಯ ಗೋಡೆಯಾಗಲಿ ಇದೆಯೇ ಎಂದು ಹುಡುಕಿ, ಏರಿನ ಕೋನವನ್ನು ಅದಕ್ಕೆ ಹೋಲಿಸಿ ಅಳೆಯಿರಿ. ಬಳಿಕ ಅದೇ ಇಳಿಜಾರಿನಲ್ಲಿ ಬ್ರೇಕು ಹಾಕಿದ ವಾಹನಕ್ಕೆ ಎಷ್ಟು ಬಲ ಉಳಿಯುವುದೆಂದು ಲೆಕ್ಕ ಹಾಕಿರಿ. ಚಿತ್ರದ ಚಾಲಕನ ಧೈರ್ಯವನ್ನು ಮೆಚ್ಚುವ ಮೊದಲು ಆತನು ಕೆಳಗಿಳಿದ ವೇಗವೆಷ್ಟಿದ್ದೀತೆಂದು ಕೇಳುವ ಅಭ್ಯಾಸ ಆಗ ತಾನಾಗಿ ಬರುವುದು.