ಮಾದಪ್ಪನ ದಾರಿಯಲ್ಲೊಂದು ತೆರೆದ ಬಾಗಿಲು: ಕಾಮಗೆರೆ

ಯಳಂದೂರಿನಿಂದ ಕೊಳ್ಳೇಗಾಲ ದಾಟಿ ಹನೂರಿನ ಕಡೆಗೆ ಹೊರಟರೆ ನಡುವೆ ಸಿಗುವ ಊರು ಕಾಮಗೆರೆ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳು ಈ ಊರನ್ನು ಹಾದೇ ಹೋಗುತ್ತವೆ. ಶಿವರಾತ್ರಿ, ದೀಪಾವಳಿ ಬಂತೆಂದರೆ ಕಾಲ್ನಡಿಗೆಯ ಭಕ್ತರಿಂದ ರಸ್ತೆ ತುಂಬಿ, ಮಹದೇಶ್ವರನನ್ನು ಕರೆಯುವ ‘ಉಘೇ ಮಾದಪ್ಪ’ ಎಂಬ ಕೂಗು ಕೇಳಿಸುತ್ತದೆ. ಹತ್ತಿರದಲ್ಲೇ ಗುಂಡಾಲ್ ಜಲಾಶಯವಿದೆ. ಆದರೂ ಸುತ್ತಲಿನ ಹಳ್ಳಿಗಳವರಿಗೆ ಕಾಮಗೆರೆ ಎಂದರೆ ಮೊದಲು ನೆನಪಾಗುವುದು ಆಸ್ಪತ್ರೆ. ಕ್ರೈಸ್ತ ಸನ್ಯಾಸಿನಿಯರು ನಡೆಸುವ ಹೋಲಿ ಕ್ರಾಸ್ ಆಸ್ಪತ್ರೆ ಅದು.

ಈ ಸೀಮೆಯ ಚರಿತ್ರೆಯೇ ಬೆರಕೆಯದು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲಿತ್ತು. ಪಕ್ಕದ ಕೊಳ್ಳೇಗಾಲ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂತು. ಹನೂರಿನಾಚೆ ಮಾರ್ಟಳ್ಳಿಯ ಕಡೆ ತಮಿಳು ಮಾತಾಡುವ ಕ್ರೈಸ್ತ ಕುಟುಂಬಗಳಿವೆ. ಕಾಡಂಚಿನಲ್ಲಿ ಗಿರಿಜನರಾದ ಸೋಲಿಗರ ಪೋಡುಗಳು, ಅಂದರೆ ಹಾಡಿಗಳು ಇವೆ. ದೇವರು ಬೇರೆ, ಭಾಷೆ ಬೇರೆ. ಕಾಯಿಲೆಯಾದಾಗ ದೂರದ ಮೈಸೂರಿಗೆ ಹೋಗಬೇಕಾದ ಸಂಕಟ ಮಾತ್ರ ಎಲ್ಲರಿಗೂ ಒಂದೇ.

2018ರ ಡಿಸೆಂಬರ್ 14ರಂದು ಈ ಸಂಕಟ ನಾಡಿಗೆಲ್ಲ ತಿಳಿಯಿತು. ಮಾರ್ಟಳ್ಳಿ ಸಮೀಪದ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ. ಅಂದು ಹಂಚಿದ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಹದಿನೇಳು ಜೀವ ಹೋಯಿತು. ಸಿಕ್ಕ ಸಿಕ್ಕ ವಾಹನಗಳಲ್ಲಿ ಜನರನ್ನು ಹೊತ್ತು ತಂದದ್ದು ಕಾಮಗೆರೆಯ ಈ ಆಸ್ಪತ್ರೆಗೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ. ಬಳಿಕ ಅಲ್ಲಿಂದ ಮೈಸೂರಿನ ಆಸ್ಪತ್ರೆಗಳಿಗೆ.

ಆ ವಿಷ ಮೊನೊಕ್ರೊಟೊಫಾಸ್. ಹೊಟ್ಟೆಗಿಳಿದರೆ ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ. ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ, ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ. ರೋಗಿಯ ಬಟ್ಟೆ ಬಿಚ್ಚಿ ಮೈ ತೊಳೆಯಬೇಕು, ಗಂಟಲಲ್ಲಿ ಕಟ್ಟಿದ್ದನ್ನು ಹೀರಿ ತೆಗೆಯಬೇಕು. ಅಟ್ರೋಪಿನ್ ಚುಚ್ಚಿ, ಕೆಲವೇ ನಿಮಿಷ ಬಿಟ್ಟು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು. ಗೊರಗೊರ ನಿಲ್ಲದಿದ್ದರೆ ಮತ್ತೆ ಚುಚ್ಚಬೇಕು. ಉಸಿರು ನಿಂತವರಿಗೆ ಕೈಯಲ್ಲೇ ಚೀಲ ಒತ್ತಿ ಗಾಳಿ ಕೊಡುತ್ತಿರಬೇಕು, ವೆಂಟಿಲೇಟರ್ ಸಿಗುವವರೆಗೆ. ಒಬ್ಬ ರೋಗಿಗೇ ಇಷ್ಟು. ಹಳ್ಳಿಗಾಡಿನ ಆಸ್ಪತ್ರೆಯ ಬಾಗಿಲಿಗೆ ಹತ್ತಾರು ಜನ ಒಟ್ಟಿಗೆ ಬಂದು ಬಿದ್ದರೆ? ಮಾರಮ್ಮನ ಪ್ರಸಾದ ಉಂಡವರ, ಅವರ ನಡುವೆ ಓಂಶಕ್ತಿ ದೇವಿಯ ವ್ರತದ ಮಾಲೆ ಧರಿಸಿದ್ದವರ ನಾಡಿ ಹಿಡಿದು ನೋಡಿದ ಮೊದಲ ಕೈಗಳಲ್ಲಿ ಶಿಲುಬೆ ಧರಿಸಿದವರ ಕೈಗಳೂ ಇದ್ದವು. ನನ್ನ ಮಟ್ಟಿಗೆ ಕ್ರಿಸ್ತನ ಪ್ರೀತಿ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯನ ಕಥೆ ಬಹಳ ಜನಕ್ಕೆ ಗೊತ್ತು. ಕಳ್ಳರ ಕೈಗೆ ಸಿಕ್ಕಿ ಜೆರಿಕೋ ದಾರಿಯಲ್ಲಿ ಬಿದ್ದವನನ್ನು ಪುರೋಹಿತ ನೋಡಿಯೂ ನೋಡದಂತೆ ಹೋದ. ಅನ್ಯ ಕುಲದ ಸಮಾರ್ಯ ಎತ್ತಿಕೊಂಡ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಛತ್ರಕ್ಕೆ ಒಯ್ದು ಖರ್ಚನ್ನೂ ಕೊಟ್ಟ. ಸಮಾರ್ಯನನ್ನು ಎಲ್ಲರೂ ಹೊಗಳುತ್ತಾರೆ, ಛತ್ರದವನನ್ನು ಯಾರೂ ನೆನೆಯುವುದಿಲ್ಲ. ಆ ದಾರಿಯಲ್ಲಿ ಛತ್ರವೇ ಇರದಿದ್ದರೆ ಸಮಾರ್ಯ ಆ ಗಾಯಾಳುವನ್ನು ಎಲ್ಲಿಗೆ ಒಯ್ಯುತ್ತಿದ್ದ? ಮರುಕ ಒಂದು ಗಳಿಗೆಯಲ್ಲಿ ಹುಟ್ಟೀತು. ಹಾಸಿಗೆ, ಔಷಧಿ, ರಾತ್ರಿ ಪಾಳಿಯ ನರ್ಸ್ ಇವು ಮಾತ್ರ ವರ್ಷಗಟ್ಟಲೆ ಯಾರೋ ಪಟ್ಟುಹಿಡಿದು ನಡೆಸಿದರಷ್ಟೇ ಉಳಿಯುತ್ತವೆ. ಕಾಮಗೆರೆಯ ಸಿಸ್ಟರುಗಳು ಮಾಡುತ್ತಿರುವುದು ಆ ಛತ್ರದ ಕೆಲಸ.

ಕ್ರಿಸ್ತನ ಈ ಪ್ರೀತಿ ಧರ್ಮದ ಗಡಿ ದಾಟಿ ಬೇರೆಡೆಯೂ ಬೇರು ಬಿಟ್ಟಿದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರಿಗೆ ವಿವೇಕಾನಂದರಷ್ಟೇ ಆಲ್ಬರ್ಟ್ ಶ್ವೈಟ್ಜರ್ ಕೂಡ ಸ್ಫೂರ್ತಿ. ಕ್ರೈಸ್ತ ಧರ್ಮಶಾಸ್ತ್ರದ ಪಂಡಿತನಾಗಿದ್ದ ಶ್ವೈಟ್ಜರ್ ವೈದ್ಯಕೀಯ ಓದಿ, 1913ರಲ್ಲಿ ಆಫ್ರಿಕಾದ ಲಂಬರೆನೆಗೆ ಹೋಗಿ ಆಸ್ಪತ್ರೆ ತೆರೆದವರು. ಆ ಮಾದರಿ ನಮ್ಮ ಸೋಲಿಗರ ಪೋಡಿನವರೆಗೂ ಬಂತು. ಗಿರಿಜನ ಹೆಣ್ಣುಮಕ್ಕಳೇ ಇಲ್ಲಿ ನರ್ಸ್ ತರಬೇತಿ ಪಡೆದರು. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಸಂದಿತು. ಕಾಮಗೆರೆಯ ಛತ್ರಕ್ಕೆ ಅಂಥ ಹೆಸರಿಲ್ಲ.

ಬೆಟ್ಟಕ್ಕೆ ಹೋಗುವವರು ಕಾಮಗೆರೆಯಲ್ಲಿ ಒಮ್ಮೆ ಇಳಿದು ಈ ಆಸ್ಪತ್ರೆಯನ್ನು ನೋಡಿ. ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಹೋಗಿ ವೈದ್ಯಕೀಯ, ನರ್ಸಿಂಗ್ ಓದಿದ ಮಕ್ಕಳು ನಗರದಲ್ಲಿ ನೆಲೆಯಾಗುವ ಮುನ್ನ ಒಂದೆರಡು ವರ್ಷವನ್ನಾದರೂ ಈ ದಾರಿಯ ಆಸ್ಪತ್ರೆಗಳಿಗೆ ಕೊಡಲಿ. ಸರ್ಕಾರಿಯೋ ಮಿಷನ್ನಿನದೋ, ಕೆಲಸ ಮಾಡುವ ಕೈಗಳು ಎರಡೂ ಕಡೆ ಬೇಕಾಗಿವೆ.