ದುಡ್ಡು ಕೊಟ್ಟು ಚಳಿಗೆ ಹೋಗುವವರು

ಮೇ ತಿಂಗಳ ಒಂದು ಆದಿತ್ಯವಾರ. ಬಲಿಪೂಜೆ ಮುಗಿದು ಜನ ಮನೆಗೆ ಹೊರಟಿದ್ದರು. ಗಂಟೆ ಒಂಬತ್ತಾಗುವ ಮೊದಲೇ ಬೆನ್ನಿನಲ್ಲಿ ಬೆವರು. ನಮ್ಮ ಧರ್ಮಕೇಂದ್ರದ ಹಿರಿಯ ಅಡಿಕೆ ಕೃಷಿಕರೊಬ್ಬರು ಪತ್ನಿಯೊಡನೆ ನಮ್ಮ ಬಳಿಗೆ ಬಂದರು. ಅವರ ಮಗಳು ನಾರ್ವೆ ದೇಶದ ಉತ್ತರ ತುದಿಯ ಟ್ರೊಮ್ಸೋ ಎಂಬ ಊರಿನಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ದಾದಿ. ಈ ಸಲ ಅವಳು ತಂದೆತಾಯಿಯನ್ನು ರಜೆಗೆ ಕರೆದಿದ್ದಳು.

"ಅಲ್ಲ ಫಾದರ್, ಅದೂ ಜನವರಿಯಲ್ಲೇ ಬರಬೇಕಂತೆ. ದುಡ್ಡು ಕೊಟ್ಟು ಚಳಿ ತಿನ್ಲಿಕ್ಕೆ ಯಾರಾದರೂ ಹೋಗ್ತಾರಾ?" ಎಂದು ಅವರು ಕೇಳಿದರು.

ನಮ್ಮಲ್ಲಿ ತಕ್ಷಣ ಉತ್ತರವಿರಲಿಲ್ಲ. "ಮುಂದಿನ ವಾರ ಬನ್ನಿ, ವಿಚಾರಿಸಿ ಹೇಳುತ್ತೇವೆ" ಎಂದು ಕಳುಹಿಸಿದೆವು. ಆ ವಾರವಿಡೀ ಓದಿ, ಅಲ್ಲಿ ಇದ್ದು ಬಂದವರನ್ನು ಕೇಳಿ ತಿಳಿದುಕೊಂಡದ್ದನ್ನು ಓದುಗರಾದ ನಿಮ್ಮ ಮುಂದೆಯೂ ಇಡುತ್ತಿದ್ದೇವೆ.

ಬಿಸಿಲಿನಿಂದ ಓಡುವ ಕಾಲ

ಒಂದು ಕಾಲದಲ್ಲಿ ಯೂರೋಪಿನ ಜನರಿಗೆ ರಜೆ ಎಂದರೆ ದಕ್ಷಿಣದ ಬಿಸಿಲು. ಸ್ಪೇನ್, ಇಟಲಿ, ಗ್ರೀಸ್ ದೇಶಗಳ ಕಡಲತೀರಗಳಲ್ಲಿ ಮೈ ಕಾಯಿಸಿಕೊಳ್ಳುವುದೇ ಅವರ ಆಸೆ. ಈಗ ಆ ಬಿಸಿಲೇ ಬೆಂಕಿಯಾಗುತ್ತಿದೆ. 2023ರ ಜುಲೈಯಲ್ಲಿ ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ಸಾವಿರಾರು ಪ್ರವಾಸಿಗರು ಹೋಟೆಲು ಬಿಟ್ಟು ಓಡಬೇಕಾಯಿತು. ಬೇಸಿಗೆಯ ರಜೆಗೆ ತಂಪಾದ ನಾಡನ್ನು ಹುಡುಕುವವರು ಹೆಚ್ಚುತ್ತಿದ್ದಾರೆ. ಚಳಿಗಾಲದಲ್ಲಿಯೂ ಹಿಮ ಮತ್ತು ಉತ್ತರದ ಬೆಳಕನ್ನು ನೋಡಲು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್‌ಗಳಿಗೆ ವಿಮಾನ ಹತ್ತುತ್ತಾರೆ.

ಚಳಿಯನ್ನೇ ಬದುಕಿನ ದಾರಿ ಮಾಡಿಕೊಂಡ ಊರುಗಳೂ ಇವೆ. ಫಿನ್‌ಲ್ಯಾಂಡಿನ ರೊವಾನಿಯೆಮಿ ಪಟ್ಟಣವನ್ನು 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಸುಟ್ಟು ಹಾಕಿತು. ಬೂದಿಯಿಂದ ಎದ್ದ ಆ ಪಟ್ಟಣದ ಬಳಿ, ಆರ್ಕ್ಟಿಕ್ ವೃತ್ತದ ಗೆರೆಯ ಮೇಲೆ, 1985ರಲ್ಲಿ ಸಾಂತಾಕ್ಲಾಸ್ ಗ್ರಾಮ ಆರಂಭವಾಯಿತು. ಇಂದಿನ ತುರ್ಕಿಯ ಮೈರಾದ ಧರ್ಮಾಧ್ಯಕ್ಷರಾಗಿದ್ದ ಸಂತ ನಿಕೋಲಾಸರ ಹೆಸರು ಹಿಮಸಾರಂಗದ ನಾಡಿಗೆ ಬಂದು ಸೇರಿದ್ದು ಹೀಗೆ! ಸ್ವೀಡನ್ನಿನ ಯುಕ್ಕಸ್‌ಯಾರ್ವಿಯಲ್ಲಿ ಟೋರ್ನೆ ನದಿಯ ಮಂಜುಗಡ್ಡೆಯನ್ನು ಕೊಯ್ದು ಪ್ರತಿ ಚಳಿಗಾಲ ಒಂದು ಹೋಟೆಲು ಕಟ್ಟುತ್ತಾರೆ. ವಸಂತ ಬಂದಾಗ ಅದು ಕರಗಿ ಅದೇ ನದಿಗೆ ಮರಳುತ್ತದೆ.

ಸೂರ್ಯ ಹುಟ್ಟದ ಊರು

ಈಗ ಆ ಮಗಳ ಊರಿಗೆ ಬರೋಣ. ಟ್ರೊಮ್ಸೋ ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕಿದೆ. ಭೂಮಿ ತನ್ನ ಅಕ್ಷದಲ್ಲಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ ಅಲ್ಲಿ ಮೇ ತಿಂಗಳ ಕೊನೆಯಿಂದ ಜುಲೈ ಕೊನೆಯ ತನಕ ಸೂರ್ಯ ಮುಳುಗುವುದೇ ಇಲ್ಲ. ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ಹುಟ್ಟುವುದೂ ಇಲ್ಲ. ಹಾಗೆಂದು ಅದು ಪೂರ್ತಿ ಕತ್ತಲೆಯಲ್ಲ. ನಡುಹಗಲಿನಲ್ಲಿ ಕೆಲವು ತಾಸು ಮಸುಕಾದ ನೀಲಿ ಬೆಳಕು ಹಿಮದ ಮೇಲೆ ಹರಡುತ್ತದೆ.

ಅಷ್ಟು ಉತ್ತರಕ್ಕಿದ್ದರೂ ಅಲ್ಲಿನ ಚಳಿ ನಾವು ಹೆದರುವಷ್ಟಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಆ ಕರಾವಳಿಯನ್ನು ಸವರಿಕೊಂಡು ಹೋಗುವುದರಿಂದ ಬಂದರು ಹೆಪ್ಪುಗಟ್ಟುವುದಿಲ್ಲ. ಜನವರಿಯ ಸರಾಸರಿ ಉಷ್ಣತೆ ಮೈನಸ್ 4 ಡಿಗ್ರಿಯ ಆಸುಪಾಸು. ಒಳನಾಡಿನ ರೊವಾನಿಯೆಮಿಯಲ್ಲಿ ಅದು ಕೆಲವೊಮ್ಮೆ ಮೈನಸ್ 30ಕ್ಕಿಂತಲೂ ಕೆಳಗಿಳಿಯುತ್ತದೆ. ಚಳಿಗಾಲದ ಆರಂಭದಲ್ಲಿ ನಮ್ಮ ಬೂತಾಯಿಯ ಸಂಬಂಧಿಯಾದ ಹೆರ್ರಿಂಗ್ ಮೀನಿನ ಹಿಂಡುಗಳನ್ನು ಹಿಂಬಾಲಿಸಿ ತಿಮಿಂಗಿಲಗಳು ಆ ಕಡೆಯ ಕಡಲ ಕಣಿವೆಗಳಿಗೆ ಬರುತ್ತವೆ. ದಕ್ಷಿಣಕ್ಕಿರುವ ಲೊಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನನ್ನು ಮರದ ಚಪ್ಪರಗಳಿಗೆ ತೂಗುಹಾಕಿ ಒಣಗಿಸುತ್ತಾರೆ. ನಾವು ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದರೆ ಅವರು ಉಪ್ಪಿಲ್ಲದೆ ಚಳಿಗಾಳಿಗೆ ಬಿಡುತ್ತಾರೆ.

ಅಲ್ಲೊಂದು ಪುಟ್ಟ ಕಥೋಲಿಕ ಪ್ರಧಾನಾಲಯವೂ ಇದೆ. ಮಾತೆ ಮರಿಯಮ್ಮನವರ ಹೆಸರಿನ ಆ ಮರದ ದೇವಾಲಯವನ್ನು 1861ರಲ್ಲಿ ಕಟ್ಟಲಾಯಿತು. ಜಗದ್ಗುರು ಎರಡನೇ ಜಾನ್ ಪಾಲರು 1989ರ ಜೂನ್‌ನಲ್ಲಿ ಆ ಊರಿಗೆ ಭೇಟಿ ಕೊಟ್ಟಿದ್ದರು. ನಾರ್ವೆಯ ಕಥೋಲಿಕರಲ್ಲಿ ವಲಸೆ ಬಂದವರೇ ಹೆಚ್ಚು. ಹಾಗಾಗಿ ಪರವೂರಿನವರೆಂಬ ಭಾವನೆ ಅಲ್ಲಿನ ಪೂಜೆಯಲ್ಲಿ ನಮ್ಮವರಿಗೆ ಕಾಡದು.

ಆಕಾಶದಲ್ಲಿ ಹಸಿರು ಪರದೆ

ಹೆಚ್ಚಿನವರನ್ನು ಅಲ್ಲಿಗೆ ಎಳೆಯುವುದು ಉತ್ತರದ ಬೆಳಕು. ಸೂರ್ಯನಿಂದ ಹೊರಟ ವಿದ್ಯುತ್ಕಣಗಳನ್ನು ಭೂಮಿಯ ಕಾಂತಶಕ್ತಿ ಧ್ರುವಗಳ ಕಡೆಗೆ ತಿರುಗಿಸುತ್ತದೆ. ಅವು ನೂರು ಕಿಲೋಮೀಟರಿಗೂ ಎತ್ತರದಲ್ಲಿ ಗಾಳಿಯ ಆಮ್ಲಜನಕಕ್ಕೆ ಬಡಿದಾಗ ಹಸಿರು ಬೆಳಕು, ಇನ್ನೂ ಎತ್ತರದಲ್ಲಿ ಕೆಂಪು ಬೆಳಕು ಹೊಮ್ಮುತ್ತದೆ. 2024ರ ಮೇ ತಿಂಗಳ ಭಾರಿ ಸೌರ ಬಿರುಗಾಳಿಯ ರಾತ್ರಿ ನಮ್ಮ ಲಡಾಖಿನ ಹಾನ್ಲೆಯ ಆಕಾಶದಲ್ಲಿಯೂ ಕೆಂಪು ಛಾಯೆ ದಾಖಲಾಗಿತ್ತು.

ಆದರೆ ಈ ಬೆಳಕು ಟಿಕೆಟು ಕೊಂಡವರಿಗೆಲ್ಲ ಕಾಣುವ ಸಿನೆಮಾ ಅಲ್ಲ. ಮೋಡ ಕವಿದರೆ ಮೂರು ರಾತ್ರಿ ಕಾದರೂ ಬರಿಗೈಯಲ್ಲಿ ಮರಳಬೇಕಾದೀತು. ಗುಂಡಿ ಒತ್ತಿದರೆ ಎಲ್ಲ ಸಿಗುವ ಈ ಕಾಲದಲ್ಲಿ, ಕಾಯುವುದನ್ನು ಕಲಿಸುವ ರಜೆ ಇದು.

ಚಳಿ ಕಲಿಸುವ ಪಾಠ

ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಉಡುಪು ಮಾತ್ರ ಇದೆ ಎಂಬುದು ನಾರ್ವೆಯವರ ನಾಣ್ಣುಡಿ. ಮೈಗೆ ತಾಗುವಂತೆ ಉಣ್ಣೆಯ ಒಳಉಡುಪು, ನಡುವೆ ದಪ್ಪ ಉಣ್ಣೆಯಂಗಿ, ಮೇಲೆ ಗಾಳಿ ತಡೆಯುವ ಕೋಟು, ಹೀಗೆ ಪದರ ಪದರವಾಗಿ ಧರಿಸುತ್ತಾರೆ. ಒಳಗೆ ಹತ್ತಿಬಟ್ಟೆ ಬೇಡ; ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗುತ್ತದೆ. ಫಿನ್‌ಲ್ಯಾಂಡಿನವರಿಗೆ ಸೌನಾ ಎಂಬ ಬಿಸಿಕೋಣೆಯಿದೆ. ಐವತ್ತೈದು ಲಕ್ಷ ಜನರಿರುವ ದೇಶದಲ್ಲಿ ಸುಮಾರು ಮೂವತ್ತು ಲಕ್ಷ ಸೌನಾಗಳು! ಮನೆಮಂದಿ, ನೆರೆಯವರು ಒಟ್ಟಿಗೆ ಕುಳಿತು ಬೆವರುತ್ತಾರೆ, ಸಾವಕಾಶ ಮಾತಾಡುತ್ತಾರೆ. ಯುನೆಸ್ಕೊ 2020ರಲ್ಲಿ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊರಗಿನ ಚಳಿ ಮನೆಯೊಳಗಿನವರನ್ನು ಹತ್ತಿರ ಕೂರಿಸುತ್ತದೆ. ಬಿಸಿಲಿನ ನಾಡಿನ ನಾವು ಒಬ್ಬೊಬ್ಬರು ಒಂದೊಂದು ಫ್ಯಾನಿನ ಅಡಿ ಚದುರುತ್ತೇವೆ.

ಆ ನೆಲದವರ ಕಷ್ಟ

ಆದರೆ ಇದೆಲ್ಲ ಪ್ರವಾಸಿಗರಿಗಾಗಿ ಹಾಸಿಟ್ಟ ಬಯಲಲ್ಲ. ಅದು ಸಾಮಿ ಜನರ ತಾಯ್ನೆಲ. ಅವರಲ್ಲಿ ಹಲವರ ಬದುಕು ಹಿಮಸಾರಂಗದ ಹಿಂಡಿನಲ್ಲಿದೆ. ಸಾರಂಗಗಳು ಗೊರಸಿನಿಂದ ಹಿಮ ಕೆದಕಿ ಅಡಿಯ ಕಲ್ಲುಹೂವನ್ನು ತಿನ್ನುತ್ತವೆ. ಚಳಿಗಾಲದಲ್ಲಿ ಮಳೆ ಬಿದ್ದು ಹೆಪ್ಪುಗಟ್ಟಿದರೆ ಹಿಮದ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ. ಮೇವು ಕಾಲಡಿಯಲ್ಲಿದ್ದರೂ ಪ್ರಾಣಿ ಹಸಿಯುತ್ತದೆ. ಆರ್ಕ್ಟಿಕ್ ಪ್ರದೇಶ ಲೋಕದ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂದು ಫಿನ್‌ಲ್ಯಾಂಡಿನ ವಿಜ್ಞಾನಿಗಳು 2022ರಲ್ಲಿ ತಿಳಿಸಿದರು. 2025ರ ಜುಲೈಯಲ್ಲಿ ಆ ತಂಪುನಾಡುಗಳಲ್ಲಿಯೂ ಉಷ್ಣತೆ 30 ಡಿಗ್ರಿ ದಾಟಿತು. ತಂಪು ಹುಡುಕಿ ಹಾರುವ ವಿಮಾನದ ಹೊಗೆಯೂ ಆ ತಂಪನ್ನು ಕರಗಿಸುವುದರಲ್ಲಿ ಪಾಲು ಪಡೆಯುತ್ತದೆ. ಆದ್ದರಿಂದ ಮೋಜಿಗಾಗಿ ಮತ್ತೆ ಮತ್ತೆ ಹಾರುವುದನ್ನು ನಾವು ಹೊಗಳಲಾರೆವು. ಹೋಗುವುದಾದರೆ ಒಮ್ಮೆ, ಕಾರಣವಿದ್ದು, ಸಾವಕಾಶವಾಗಿ ಇದ್ದು ಬರುವಂತೆ ಹೋಗಬೇಕು.

ಮಗಳು ಕರೆದದ್ದು ಏಕೆ?

ಮುಂದಿನ ಆದಿತ್ಯವಾರ ದಂಪತಿಗಳು ಬಂದರು. ಇದನ್ನೆಲ್ಲ ಹೇಳಿದೆವು. ಬೆಳಕಿನ ಕಥೆಗೆ ಅವರು ತಲೆದೂಗಿದರು, ಖರ್ಚಿನ ಮಾತಿಗೆ ಹುಬ್ಬು ಗಂಟಿಕ್ಕಿದರು. ಕೊನೆಗೆ ಜನವರಿ 21ರ ಸಂಗತಿ ಹೇಳಿದೆವು. ಎರಡು ತಿಂಗಳ ನಂತರ ಆ ದಿನ ಟ್ರೊಮ್ಸೋದ ಬೆಟ್ಟಗಳ ಮೇಲಿಂದ ಸೂರ್ಯ ಮತ್ತೆ ಇಣುಕುತ್ತಾನೆ. ಅದು ಅಲ್ಲಿನವರಿಗೆ ಸೂರ್ಯನ ದಿನ. ಜಾಮ್ ತುಂಬಿ ಎಣ್ಣೆಯಲ್ಲಿ ಕರಿದ ಸೂರ್ಯನ ಬನ್ನುಗಳನ್ನು ಊರಿಡೀ ತಿನ್ನುತ್ತಾರೆ.

ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಆಗ ಬಾಯಿ ತೆರೆದರು: "ಹಾಗಾದರೆ ಫಾದರ್, ಇಷ್ಟು ವರ್ಷ ಅವಳು ಪ್ರತಿ ಸಲ ಎರಡು ತಿಂಗಳು ಸೂರ್ಯನ ಮುಖ ಕಾಣದೆ ಒಬ್ಬಳೇ ಇದ್ದಳಾ? ನಮಗೆ ಒಂದು ಮಾತೂ ಹೇಳಲಿಲ್ಲವಲ್ಲ."

ತಂದೆ ಏನೂ ಹೇಳಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡರು. ಅದು ಬೆವರೆಂದೇ ನಾವು ತಿಳಿದುಕೊಂಡೆವು. ಹೊರಡುವಾಗ, "ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು ಫಾದರ್?" ಎಂದು ಕೇಳಿದರು.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ದೂರದ ದೇಶಗಳಲ್ಲಿದ್ದಾರೆ. ಫೋನಿನಲ್ಲಿ "ಎಲ್ಲ ಚೆನ್ನಾಗಿದೆ" ಎನ್ನುತ್ತಾರೆ. ಅವರು ರಜೆಗೆ ಕರೆದಾಗ ಟಿಕೆಟಿನ ಲೆಕ್ಕ ಹಾಕುವುದು ತಪ್ಪಲ್ಲ. ಹೋಗಲು ಅನುಕೂಲವಿಲ್ಲದ ಮನೆಗಳೇ ಹೆಚ್ಚು ಎಂಬುದನ್ನೂ ಬಲ್ಲೆವು. ಆದರೆ ಕರೆದದ್ದು ಏಕೆ ಎಂದು ಒಮ್ಮೆ ಕೇಳಿ ನೋಡೋಣ. ಅಲ್ಲಿ ಈಗ ಹಗಲೋ ಇರುಳೋ, ಊಟ ಯಾರೊಡನೆ, ಹಬ್ಬದ ದಿನ ಮನೆಗೆ ಯಾರು ಬಂದರು ಎಂದು ವಿಚಾರಿಸೋಣ. ಅದಕ್ಕೆ ವೀಸಾ ಬೇಕಾಗಿಲ್ಲ.